ಮನೆಯಾಳಿನ ದೂರು ಕಾನೂನಿನ ಕಿವಿಗೆ ಬಿದ್ದದ್ದು ಯಾವಾಗ?

ಪ್ರಶ್ನೆ: ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ಕೆಲಸದ ಹುಡುಗಿಯನ್ನು ಹಿಂಸಿಸಿ ಕೊಂದ ಎಲಿಜಬೆತ್ ಬ್ರೌನ್‌ರಿಗ್ ಎಂಬ ಒಡತಿಯನ್ನು ಗಲ್ಲಿಗೇರಿಸಿದರೆಂದು ಓದಿದೆ. ಹಾಗಾದರೆ ಆ ಕಾಲದಲ್ಲೂ ಕಾನೂನಿನ ಮುಂದೆ ಒಡತಿಯೂ ಆಳೂ ಒಂದೇ ಆಗಿದ್ದರೆ? ನಗರದ ನಟ್ಟನಡುವೆ ಇಷ್ಟೆಲ್ಲ ನಡೆದರೂ ಯಾರೂ ಏಕೆ ತಡೆಯಲಿಲ್ಲ? ಆಮೇಲೆ ಕಾನೂನು ಬದಲಾಯಿತೆ, ಅದರ ನೆರಳು ನಮ್ಮ ದಂಡಸಂಹಿತೆಯ ಮೇಲೂ ಬಿದ್ದಿದೆಯೆ?

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ‘ಅಲ್ಲ’ ಎಂಬುದೇ. ಆದರೆ ಬರೀ ‘ಅಲ್ಲ’ ಎಂದು ಬಿಟ್ಟರೆ ಅರ್ಧ ಸತ್ಯವಷ್ಟೇ ಆಗುತ್ತದೆ. ಕೊಲೆಯ ಮಟ್ಟಿಗೆ ಇಂಗ್ಲೆಂಡಿನ ಕಾನೂನು ಆಳಿನ ಜೀವವನ್ನೂ ಜೀವವೆಂದೇ ಎಣಿಸುತ್ತಿತ್ತು. ಅದು ಎಣಿಸದೆ ಬಿಟ್ಟದ್ದು ಸಾವಿಗೆ ಮುಂಚಿನ ದಿನಗಳನ್ನು. ಬ್ರೌನ್‌ರಿಗ್ ಪ್ರಕರಣದ ಕಾಗದಪತ್ರಗಳನ್ನು ಓದುತ್ತ ಹೋದರೆ, ಸಾಯುವ ತನಕ ಆ ಹುಡುಗಿಗೆ ಕಾನೂನು ಎಲ್ಲೆಲ್ಲಿ ಎದುರಾಗಿತ್ತು, ಎಲ್ಲೆಲ್ಲಿ ಮುಖ ತಿರುಗಿಸಿತ್ತು ಎಂಬುದು ಒಂದೊಂದಾಗಿ ಕಾಣುತ್ತದೆ. ಆದ್ದರಿಂದ ಆ ಪ್ರಕರಣವನ್ನೇ ಕೊಂಚ ವಿವರವಾಗಿ ಹೇಳುತ್ತೇನೆ.

ಎಲಿಜಬೆತ್ ಬ್ರೌನ್‌ರಿಗ್ ಊರು ಬಿಟ್ಟು ಊರು ಅಲೆಯುವ ಹೆಂಗಸಲ್ಲ. ನಾಲ್ಕು ಜನರ ನಡುವೆ ಮರ್ಯಾದೆಯಿಂದ ಬಾಳಿದವಳು. ಅವಳ ಗಂಡ ಜೇಮ್ಸ್ ಮನೆಗಳಿಗೆ ಬಣ್ಣ ಬಳಿಯುವ ಗುತ್ತಿಗೆಯಲ್ಲಿ ಚೆನ್ನಾಗಿ ಸಂಪಾದಿಸಿದ್ದ. ಫ್ಲೀಟ್ ಸ್ಟ್ರೀಟಿಗೆ ಕೂಡುವ ಫೆಟರ್ ಲೇನಿನ ಒಂದು ಗಲ್ಲಿಯಲ್ಲಿ ಅವರ ಮನೆಯಿತ್ತು. ಹದಿನಾರು ಮಕ್ಕಳನ್ನು ಹೆತ್ತಿದ್ದ ಎಲಿಜಬೆತ್, ಸೇಂಟ್ ಡನ್‌ಸ್ಟನ್ ಪ್ಯಾರಿಷ್ಷಿನ, ಅಂದರೆ ಆ ಚರ್ಚಿನ ಆಡಳಿತಕ್ಕೆ ಸೇರಿದ ಪ್ರದೇಶದ, ಬಡವರನ್ನು ಇರಿಸಿಕೊಂಡು ಕೆಲಸ ಮಾಡಿಸುವ ವರ್ಕ್‌ಹೌಸಿನಲ್ಲಿ ಹೆರಿಗೆ ಮಾಡಿಸಲು ನೇಮಕಗೊಂಡ ಸೂಲಗಿತ್ತಿ. ಮನೆಯಲ್ಲೂ ಗರ್ಭಿಣಿಯರನ್ನು ಇರಿಸಿಕೊಂಡು ಬಾಣಂತನ ಮಾಡುತ್ತಿದ್ದಳು. ಆ ಕೆಲಸಕ್ಕೆ ಕೈಯಾಳು ಬೇಕಾದಾಗ ಅವಳು ಸಂಬಳದ ಹೆಂಗಸನ್ನು ಹುಡುಕಲಿಲ್ಲ, ಪ್ಯಾರಿಷ್ಷಿನ ಆಶ್ರಯದಲ್ಲಿದ್ದ ಹುಡುಗಿಯರನ್ನು ಅಪ್ರೆಂಟಿಸ್ ಎಂದು ಕರಾರು ಬರೆಸಿಕೊಂಡು ಕರೆತಂದಳು.

ಈ ಕರಾರಿನ ಬಗೆಯನ್ನು ತಿಳಿಯದೆ ಮುಂದಿನದು ಅರ್ಥವಾಗದು. 1601ರ ಬಡವರ ಕಾಯ್ದೆಯ ಪ್ರಕಾರ ದಿಕ್ಕಿಲ್ಲದ ಮಕ್ಕಳನ್ನು ಯಾವುದಾದರೂ ಮನೆಗೋ ಕಸುಬಿಗೋ ಹಚ್ಚುವ ಅಧಿಕಾರ ಪ್ಯಾರಿಷ್ಷಿನ ಮೇಲ್ವಿಚಾರಕರಿಗಿತ್ತು. ಮಗುವನ್ನು ಒಪ್ಪಿಕೊಂಡ ಯಜಮಾನನಿಗೆ ಪ್ಯಾರಿಷ್ಷೇ ಒಂದಿಷ್ಟು ಹಣ ಕೊಡುವುದೂ ವಾಡಿಕೆ. ಕರಾರಿಗೆ ಸಹಿ ಬಿದ್ದರೆ ಪ್ಯಾರಿಷ್ಷಿನ ಲೆಕ್ಕದಿಂದ ಒಂದು ಬಾಯಿ ಕಡಿಮೆಯಾಗುತ್ತಿತ್ತು. ಮಗು ಬೇರೆ ಪ್ಯಾರಿಷ್ಷಿನ ಮನೆಯಲ್ಲಿ ನೆಲೆ ನಿಂತರಂತೂ ಮುಂದೆ ಅದು ಬಡತನಕ್ಕೆ ಬಿದ್ದಾಗ ನೋಡಿಕೊಳ್ಳುವ ಹೊಣೆಯೂ ಆ ಪ್ಯಾರಿಷ್ಷಿಗೇ ಹೋಗುತ್ತಿತ್ತು. ಹೀಗಾಗಿ ಕೊಟ್ಟ ಮೇಲೆ ಹೋಗಿ ವಿಚಾರಿಸುವ ಆಸ್ಥೆ ಯಾರಿಗೂ ಇರುತ್ತಿರಲಿಲ್ಲ. ಅಪ್ರೆಂಟಿಸ್ ಎಂಬ ಹೆಸರಿದ್ದರೂ ಇಂಥ ಹುಡುಗಿಯರು ಕಲಿಯುತ್ತಿದ್ದ ಕಸುಬು ಯಾವುದೂ ಇಲ್ಲ; ಅವರು ಸಂಬಳವಿಲ್ಲದ ಮನೆಯಾಳುಗಳು. ಸಂಬಳದ ಆಳಾದರೆ ಅವಧಿ ಮುಗಿದ ಮೇಲೆ ಬೇರೆ ಮನೆ ನೋಡಿಕೊಳ್ಳಬಹುದಿತ್ತು, ಇವರಿಗೆ ಅದೂ ಇರಲಿಲ್ಲ.

1765ರಲ್ಲಿ ಮೊದಲು ಬಂದವಳು ಮೇರಿ ಮಿಚೆಲ್. ಸ್ವಲ್ಪ ದಿನದ ನಂತರ, ಹೆತ್ತವರು ತೊರೆದುಹೋದ ಶಿಶುಗಳನ್ನು ಸಾಕಲೆಂದು 1739ರಲ್ಲಿ ಸ್ಥಾಪನೆಯಾಗಿದ್ದ ಫೌಂಡ್ಲಿಂಗ್ ಆಸ್ಪತ್ರೆಯಿಂದ ಮೇರಿ ಜೋನ್ಸ್ ಬಂದಳು. ಪರೀಕ್ಷೆಯ ಅವಧಿಯಲ್ಲಿ ಚೆನ್ನಾಗಿ ನೋಡಿಕೊಂಡು, ಕರಾರಾದ ಮೇಲೆ ಹೊಡೆತ ಶುರುವಾಯಿತು. ಎರಡು ಕುರ್ಚಿಗಳ ಮೇಲೆ ಅಡ್ಡ ಮಲಗಿಸಿ ಚಾಟಿಯಿಂದ ಬಾರಿಸುವುದು, ತಲೆಯನ್ನು ನೀರಿನ ಬಕೆಟ್ಟಿಗೆ ಅದ್ದುವುದು. ಒಂದು ದಿನ ಬೆಳಗಿನ ಜಾವ ಮನೆಯವರೆಲ್ಲ ಮಲಗಿರುವಾಗ ಬೀದಿಬಾಗಿಲಲ್ಲೇ ಬೀಗದಕೈ ಇರುವುದನ್ನು ಕಂಡ ಜೋನ್ಸ್ ಮೆಲ್ಲನೆ ತೆರೆದು ಹೊರಗೆ ಓಡಿದಳು, ದಾರಿ ಕೇಳಿಕೊಂಡು ಫೌಂಡ್ಲಿಂಗ್ ಆಸ್ಪತ್ರೆ ಸೇರಿದಳು. ಅಲ್ಲಿನ ವೈದ್ಯರು ಅವಳ ಗಾಯಗಳನ್ನು ನೋಡಿದರು. ಸಂಸ್ಥೆಯ ಆಡಳಿತಗಾರರು ತಮ್ಮ ವಕೀಲರ ಮೂಲಕ ಜೇಮ್ಸ್ ಬ್ರೌನ್‌ರಿಗ್‌ಗೆ, ಸರಿಯಾದ ಉತ್ತರ ಬಾರದಿದ್ದರೆ ಮೊಕದ್ದಮೆ ಹೂಡುವುದಾಗಿ ಪತ್ರ ಬರೆಸಿದರು. ಉತ್ತರ ಬರಲಿಲ್ಲ, ಮೊಕದ್ದಮೆಯನ್ನೂ ಹೂಡಲಿಲ್ಲ. ಹುಡುಗಿಯನ್ನು ಕರಾರಿನಿಂದ ಬಿಡಿಸಿಕೊಂಡು ಅಷ್ಟಕ್ಕೇ ಸುಮ್ಮನಾದರು. ಅದೇ ಮನೆಯೊಳಗೆ ಮೇರಿ ಮಿಚೆಲ್ ಇನ್ನೂ ಇದ್ದಳು. ಅವಳೂ ಒಮ್ಮೆ ತಪ್ಪಿಸಿಕೊಂಡಳು. ಬೀದಿಯಲ್ಲಿ ಎದುರಾದ ಬ್ರೌನ್‌ರಿಗ್‌ನ ಕಿರಿಯ ಮಗ ಅವಳನ್ನು ಹಿಡಿದು ವಾಪಸು ತಂದ.

ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ಗಂಟು ಇರುವುದು ಇಲ್ಲೇ. ಆಡಳಿತಗಾರರು ಕ್ರೂರಿಗಳೂ ಅಲ್ಲ, ಕಾನೂನು ತಿಳಿಯದವರೂ ಅಲ್ಲ. ಅವರು ತಮಗೆ ಸುಲಭವಾಗಿದ್ದ ದಾರಿ ಹಿಡಿದರು. ಆ ದಾರಿಯನ್ನು ಸುಲಭ ಮಾಡಿಟ್ಟದ್ದು ಕಾನೂನೇ. ಯಜಮಾನನು ಅಪ್ರೆಂಟಿಸನ್ನೂ ಆಳನ್ನೂ ಮಿತವಾಗಿ ಹೊಡೆದು ತಿದ್ದಬಹುದೆಂದು ಅದು ಒಪ್ಪಿತ್ತು. ಅದೇ 1765ರಲ್ಲಿ ಪ್ರಕಟವಾದ ಬ್ಲ್ಯಾಕ್‌ಸ್ಟೋನ್ ಎಂಬ ಕಾನೂನು ಪಂಡಿತ ಇಂಗ್ಲೆಂಡಿನ ಕಾನೂನಿಗೆ ಬರೆದ ವ್ಯಾಖ್ಯಾನದ ಮೊದಲ ಸಂಪುಟದಲ್ಲಿಯೂ ಈ ಹಕ್ಕು ಯಾವ ಮುಜುಗರವೂ ಇಲ್ಲದೆ ದಾಖಲಾಗಿದೆ. ‘ಮಿತ’ ಎಂದರೆ ಎಷ್ಟು ಎಂಬುದನ್ನು ಯಾವ ಶಾಸನವೂ ಅಳೆದು ಹೇಳಿರಲಿಲ್ಲ. ಮಿತಿ ಮೀರಿತೆಂದು ಸಾಬೀತಾದರೂ ಅದು ಹಲ್ಲೆ ಎಂಬ ಸಣ್ಣ ಅಪರಾಧ. ಇನ್ನೊಂದು ಕಡೆ 1747ರ ಕಾಯ್ದೆಯ ಪ್ರಕಾರ, ಐದು ಪೌಂಡಿಗಿಂತ ಹೆಚ್ಚು ಮುಂಗಡವಿಲ್ಲದೆ ಸೇರಿದ ಅಪ್ರೆಂಟಿಸರ ದೂರು ಕೇಳಿ ಕರಾರನ್ನು ರದ್ದುಮಾಡುವ ಅಧಿಕಾರ ಸ್ಥಳೀಯ ನ್ಯಾಯಾಧಿಕಾರಿಗಳಿಗಿತ್ತು. ಅಂದರೆ ಹುಡುಗಿ ಬಾಗಿಲು ದಾಟಿ, ಅಧಿಕಾರಿಯ ಮನೆ ಹುಡುಕಿ, ಒಡೆಯನ ಎದುರು ನಿಂತು ಹೇಳಬಲ್ಲವಳಾದರೆ ಬಿಡುಗಡೆ ಸಿಗುತ್ತಿತ್ತು. ಒಡೆಯನಿಗೆ ಶಿಕ್ಷೆ ಸಿಗುತ್ತಿರಲಿಲ್ಲ. ಶಿಕ್ಷೆಯಾಗಬೇಕಾದರೆ ಯಾರಾದರೂ ಫಿರ್ಯಾದಿಯಾಗಿ ನಿಂತು ಸ್ವಂತ ಖರ್ಚಿನಲ್ಲಿ ಮೊಕದ್ದಮೆ ನಡೆಸಬೇಕು. ಇಂದು ನಮಗೆ ಪರಿಚಿತವಾಗಿರುವ ಸರ್ಕಾರಿ ಅಭಿಯೋಜಕ ಎಂಬ ಹುದ್ದೆಯೇ ಆಗ ಇರಲಿಲ್ಲ.

1766ರಲ್ಲಿ ಮೇರಿ ಕ್ಲಿಫರ್ಡ್ ಅದೇ ಮನೆಗೆ ಬಂದಳು. ಕಲ್ಲಿದ್ದಲು ತುಂಬುವ ಗೂಡಿನಲ್ಲಿ ಚಾಪೆಯ ಮೇಲೆ ಮಲಗುವುದು, ಒಣ ಬ್ರೆಡ್ಡು ಮತ್ತು ನೀರು. ಹಸಿವು ತಾಳದೆ ಒಂದು ರಾತ್ರಿ ಅವಳು ಬೀರು ಮುರಿದಳು. ಅದಕ್ಕೆ ಶಿಕ್ಷೆಯಾಗಿ ಬೆತ್ತಲೆ ಮಾಡಿ ಹೊಡೆದರು, ಕುತ್ತಿಗೆಗೆ ಸರಪಳಿ ಹಾಕಿ ಹಿತ್ತಿಲ ಬಾಗಿಲಿಗೆ ಬಿಗಿದರು. ಮನೆಯಲ್ಲಿ ಬಾಡಿಗೆಗಿದ್ದ ಫ್ರೆಂಚ್ ಹೆಂಗಸೊಬ್ಬಳ ಬಳಿ ಅವಳು ಗೋಳು ಹೇಳಿಕೊಂಡಳು. ಆಕೆ ಒಡತಿಯನ್ನು ಪ್ರಶ್ನಿಸಿದ್ದರ ಫಲವಾಗಿ ಹುಡುಗಿಯ ನಾಲಗೆಗೆ ಎರಡು ಕಡೆ ಕತ್ತರಿ ಬಿತ್ತು. ಮೊದಮೊದಲು ಅಡುಗೆಮನೆಯ ಸೂರಿನಡಿ ಹಾದುಹೋದ ನೀರಿನ ಕೊಳವೆಗೆ ಕೈಕಟ್ಟಿ ತೂಗುಹಾಕುತ್ತಿದ್ದರು. ಕೊಳವೆ ಭಾರ ತಡೆಯದಾದಾಗ ಗಂಡನಿಂದಲೇ ತೊಲೆಗೆ ಒಂದು ಕೊಕ್ಕೆ ಹೊಡೆಸಲಾಯಿತು. ಆ ಕೊಕ್ಕೆಯನ್ನು ಓದುಗರು ನೆನಪಿನಲ್ಲಿಡಬೇಕು. ಕೊಲೆಯ ಆರೋಪದಿಂದ ಗಂಡ ಬಿಡುಗಡೆಯಾದದ್ದನ್ನು ಮುಂದೆ ಹೇಳುತ್ತೇನೆ.

ಯಾರೂ ಏಕೆ ತಡೆಯಲಿಲ್ಲ ಎಂಬ ನಿಮ್ಮ ಎರಡನೆಯ ಪ್ರಶ್ನೆಗೆ ಈಗ ಬರಬಹುದು. 1767ರ ಜುಲೈನಲ್ಲಿ ಕ್ಲಿಫರ್ಡಳ ಮಲತಾಯಿ ಕೇಂಬ್ರಿಜ್ ಪ್ರಾಂತದಿಂದ ಅವಳನ್ನು ನೋಡಲು ಬಂದಳು. ಅಂಥ ಹುಡುಗಿ ಇಲ್ಲಿಲ್ಲವೆಂದು ಬಾಗಿಲಿಂದಲೇ ಅಟ್ಟಿದರು. ಹಿಂತಿರುಗುತ್ತಿದ್ದವಳನ್ನು ಪಕ್ಕದ ಮನೆಯ ಬೇಕರಿಯವನ ಹೆಂಡತಿ ಕರೆದು, ಗೋಡೆಯಾಚೆಯಿಂದ ನರಳುವ ದನಿ ಕೇಳುತ್ತಿರುತ್ತದೆ ಎಂದು ಹೇಳಿದಳು. ಕೇಳಿಸುತ್ತಿತ್ತು, ಆದರೆ ಕಾಣಿಸುತ್ತಿರಲಿಲ್ಲ. ಕಣ್ಣಾರೆ ಕಾಣದೆ ಮರ್ಯಾದಸ್ತರ ಮೇಲೆ ದೂರು ಕೊಡುವಂತಿಲ್ಲ. ಅಷ್ಟರಲ್ಲಿ ಜೇಮ್ಸ್ ಬ್ರೌನ್‌ರಿಗ್ ಹ್ಯಾಂಪ್‌ಸ್ಟೆಡ್ಡಿಗೆ ಹೋದವನು ಒಂದು ಹಂದಿಯನ್ನು ಕೊಂಡು ಮನೆಗೆ ಕಳುಹಿಸಿದ. ಅದನ್ನು ಮೇಲೆ ಗಾಜಿನ ಬೆಳಕಿಂಡಿಯಿದ್ದ ಮುಚ್ಚಿದ ಅಂಗಳದಲ್ಲಿ ಬಿಟ್ಟರು. ಹಂದಿಗೆ ಗಾಳಿಯಾಡಲೆಂದು ಬೆಳಕಿಂಡಿಯನ್ನು ತೆಗೆದಿಟ್ಟರು. ಆ ಸಂದಿನಿಂದ ಬೇಕರಿಯ ಕೆಲಸಗಾರ ವಿಲಿಯಂ ಕ್ಲಿಪ್ಸನ್ ಕೆಳಗೆ ಇಣುಕಿದಾಗ ಹುಡುಗಿಯೊಬ್ಬಳು ಬಿದ್ದಿರುವುದು ಕಂಡಿತು. ಎರಡು ಮೂರು ಸಲ ಕರೆದರೂ ಉತ್ತರವಿಲ್ಲ. ಸಣ್ಣ ಹೆಂಟೆಗಳನ್ನು ಎಸೆದ ಮೇಲೆ ಅವಳು ಮುಖ ಎತ್ತಿದಳು. ಕಣ್ಣು ಬಾತುಕೊಂಡಿದ್ದವು, ಬಾಯಿಂದ ಮಾತು ಹೊರಡದೆ ಬರೀ ಸದ್ದು ಬರುತ್ತಿತ್ತು. ತರಗತಿಯಲ್ಲಿ ಈ ಪ್ರಕರಣ ಹೇಳುವಾಗ ಹಂದಿಯ ವಿಷಯಕ್ಕೆ ಬಂದೊಡನೆ ವಿದ್ಯಾರ್ಥಿಗಳು ಬರೆಯುವುದನ್ನು ನಿಲ್ಲಿಸುವುದನ್ನು ನಾನು ಹಲವು ಸಲ ಕಂಡಿದ್ದೇನೆ.

ನೋಡಿದ ಸಾಕ್ಷಿ ಸಿಕ್ಕಿದ್ದರಿಂದ ಪ್ಯಾರಿಷ್ಷಿನ ಮೇಲ್ವಿಚಾರಕ ಗ್ರಂಡಿ ಮತ್ತಿತರರು ಆಗಸ್ಟ್ ಮೊದಲ ವಾರದಲ್ಲಿ ಮನೆಗೆ ಬಂದರು. ಜೇಮ್ಸ್ ಮೊದಲು ಮಿಚೆಲಳನ್ನು ಮುಂದೆ ತಂದು ನಿಲ್ಲಿಸಿದ, ಕ್ಲಿಫರ್ಡ್ ಹರ್ಟ್‌ಫರ್ಡ್‌ಷೈರಿನ ಸ್ಟ್ಯಾನ್‌ಸ್ಟೆಡ್ಡಿನಲ್ಲಿದ್ದಾಳೆಂದು ಆಣೆಯಿಟ್ಟ. ಹುಡುಕಿದರೂ ಸಿಗಲಿಲ್ಲವೆಂದು ಅವರು ಮಿಚೆಲಳನ್ನು ಮಾತ್ರ ಕರೆದೊಯ್ದರು. ವರ್ಕ್‌ಹೌಸಿನಲ್ಲಿ ಅವಳ ಚರ್ಮದ ರವಿಕೆಯನ್ನು ಬಿಚ್ಚಲು ಹೋದಾಗ ಅದು ಗಾಯಗಳಿಗೆ ಅಂಟಿಕೊಂಡಿತ್ತು. ಇನ್ನು ಹೊಡೆಯುವುದಿಲ್ಲವೆಂದು ಮಾತು ಪಡೆದ ಮೇಲೆ ಅವಳು ಬಾಯಿಬಿಟ್ಟು, ಮನೆಯಿಂದ ಹೊರಡುವ ಮುನ್ನ ಮೆಟ್ಟಿಲಲ್ಲಿ ಕ್ಲಿಫರ್ಡಳನ್ನು ಕಂಡೆನೆಂದಳು. ಗ್ರಂಡಿ ಮತ್ತೆ ಬಂದ. ಈಗ ಜೇಮ್ಸ್ ವಕೀಲನನ್ನು ಕರೆಸಿ, ತನ್ನ ಮನೆ ಹೊಕ್ಕವರ ಮೇಲೆಯೇ ದಾವೆ ಹಾಕುವುದಾಗಿ ಹೆದರಿಸಿದ. ಮನೆ ಯಜಮಾನನ ಕೋಟೆ ಎಂಬ ತತ್ವ ಇಂಗ್ಲಿಷ್ ಕಾನೂನಿನಲ್ಲಿ ಆಳವಾಗಿ ಬೇರುಬಿಟ್ಟಿದ್ದರಿಂದ ಅದು ಬರೀ ಬಾಯಿಮಾತಿನ ಬೆದರಿಕೆಯಾಗಿರಲಿಲ್ಲ. ಗ್ರಂಡಿ ಜಗ್ಗದೆ ಜೈಲಿಗೆ ಕಳುಹಿಸುವೆನೆಂದು ಗದರಿದ ಮೇಲೆ, ಊಟದ ಕೋಣೆಯ ಪಾತ್ರೆ ಜೋಡಿಸುವ ಕಪಾಟಿನ ಕೆಳಗಿನ ಗೂಡಿನಿಂದ ಮೇರಿ ಕ್ಲಿಫರ್ಡಳನ್ನು ಹೊರತೆಗೆದರು. 1767ರ ಆಗಸ್ಟ್ 9ರಂದು ಅವಳು ಸೇಂಟ್ ಬಾರ್ಥೊಲೊಮ್ಯೂ ಆಸ್ಪತ್ರೆಯಲ್ಲಿ ತೀರಿಕೊಂಡಳು.

ಇಷ್ಟು ದಿನ ಕಾಲೆಳೆಯುತ್ತಿದ್ದ ನ್ಯಾಯ ಈಗ ಓಡತೊಡಗಿತು. ತಲೆತಪ್ಪಿಸಿಕೊಂಡ ಎಲಿಜಬೆತ್ ಮತ್ತು ಹಿರಿಯ ಮಗ ಜಾನ್ ವಾಂಡ್ಸ್‌ವರ್ತಿನಲ್ಲಿ ಬಾಡಿಗೆ ಕೋಣೆ ಹಿಡಿದಿದ್ದರು. ಪತ್ರಿಕೆಯಲ್ಲಿ ಬಂದ ಪ್ರಕಟಣೆಯ ಚಹರೆಯನ್ನು ನೋಡಿ ಮನೆಯ ಮಾಲೀಕನೇ ಗುರುತಿಸಿ ಹಿಡಿದುಕೊಟ್ಟ. ಸೆಪ್ಟೆಂಬರಿನಲ್ಲಿ ಲಂಡನ್ನಿನ ಅಪರಾಧ ನ್ಯಾಯಾಲಯವಾದ ಓಲ್ಡ್ ಬೈಲಿಯಲ್ಲಿ ವಿಚಾರಣೆ. ಬದುಕುಳಿದಿದ್ದ ಮೇರಿ ಮಿಚೆಲಳೇ ಮುಖ್ಯ ಸಾಕ್ಷಿ. ಅವಳೂ ಸತ್ತಿದ್ದರೆ ಆ ಅಡುಗೆಮನೆಯೊಳಗೆ ಏನು ನಡೆಯಿತೆಂದು ಹೇಳುವವರು ಆರೋಪಿಗಳ ಹೊರತು ಬೇರೆ ಯಾರೂ ಇರುತ್ತಿರಲಿಲ್ಲ. ಎಲಿಜಬೆತ್‌ಗೆ ಮರಣದಂಡನೆಯಾಯಿತು. ಗಂಡ ಮತ್ತು ಮಗ ಕೊಲೆಯ ಆರೋಪದಿಂದ ಬಿಡುಗಡೆಯಾದರು. ಮಿಚೆಲಳ ಮೇಲಿನ ಹಲ್ಲೆಗಾಗಿ ಅವರಿಗೆ ಸಿಕ್ಕಿದ್ದು ಆರು ತಿಂಗಳ ಸೆರೆ ಮತ್ತು ಒಂದು ಷಿಲ್ಲಿಂಗ್ ದಂಡ. ಒಂದೇ ಮನೆ, ಒಂದೇ ಚಾಟಿ, ಇಬ್ಬರು ಹುಡುಗಿಯರು. ಸತ್ತವಳಿಗೆ ನೇಣಿನ ಬೆಲೆ, ಬದುಕಿದವಳಿಗೆ ಒಂದು ಷಿಲ್ಲಿಂಗಿನ ಬೆಲೆ. ಮೊದಲ ಪ್ರಶ್ನೆಗೆ ನಾನು ‘ಅಲ್ಲ’ ಎಂದದ್ದು ಈ ಕಾರಣಕ್ಕೆ.

ಸೆಪ್ಟೆಂಬರ್ 14ರಂದು ಟೈಬರ್ನ್ ಎಂಬಲ್ಲಿ ಅವಳನ್ನು ಗಲ್ಲಿಗೇರಿಸಿದರು. ಕೊಲೆಗಡುಕರ ಹೆಣವನ್ನು ಹೂಳಲು ಕೊಡದೆ ಅಂಗಛೇದನಕ್ಕೆ ಒಪ್ಪಿಸಬೇಕೆಂದು 1752ರಿಂದ ಜಾರಿಯಲ್ಲಿದ್ದ ಕಾಯ್ದೆಯಂತೆ ದೇಹ ಶಸ್ತ್ರವೈದ್ಯರ ಭವನಕ್ಕೆ ಹೋಯಿತು. ಅಸ್ಥಿಪಂಜರವನ್ನು ಅಲ್ಲಿ ಪ್ರದರ್ಶನಕ್ಕಿಟ್ಟರು. ದಾರಿಯುದ್ದಕ್ಕೂ ಜನ ಅವಳನ್ನು ಶಪಿಸಿದರು, ಕರಪತ್ರಗಳು ಅವಳನ್ನು ಹೆಣ್ಣು ರಾಕ್ಷಸಿಯೆಂದು ಚಿತ್ರಿಸಿದವು. ರಾಕ್ಷಸಿ ಎಂದುಬಿಟ್ಟರೆ ಎಲ್ಲರಿಗೂ ಅನುಕೂಲವಿತ್ತು. ಹುಡುಗಿಯರನ್ನು ಕರಾರು ಮಾಡಿಕೊಟ್ಟ ಮೇಲ್ವಿಚಾರಕರಾಗಲಿ, ಪತ್ರ ಬರೆದು ಸುಮ್ಮನಾದ ಆಡಳಿತಗಾರರಾಗಲಿ ಅಲ್ಲಿಗೆ ಚಿತ್ರದಿಂದ ಆಚೆ ಸರಿದರು. ಐದೇ ವರ್ಷ ಹಿಂದೆ, 1762ರಲ್ಲಿ, ಸಾರಾ ಮೆಟ್ಯಾರ್ಡ್ ಎಂಬ ಟೋಪಿ ವ್ಯಾಪಾರದವಳನ್ನೂ ಅವಳ ಮಗಳನ್ನೂ ಇಂಥದೇ ಅಪರಾಧಕ್ಕೆ ಗಲ್ಲಿಗೇರಿಸಿದ್ದರು. ಅವರು ಆನ್ ನೈಲರ್ ಎಂಬ ಪ್ಯಾರಿಷ್ ಹುಡುಗಿಯನ್ನು ಉಪವಾಸ ಕೆಡವಿ ಕೊಂದದ್ದು 1758ರಲ್ಲಿ. ತಾಯಿ ಮಗಳ ಜಗಳದಿಂದ ಗುಟ್ಟು ಹೊರಬೀಳುವ ತನಕ ನಾಲ್ಕು ವರ್ಷ ಆ ಹುಡುಗಿ ಎಲ್ಲಿ ಹೋದಳೆಂದು ಪ್ಯಾರಿಷ್ ಪತ್ತೆಹಚ್ಚಿರಲಿಲ್ಲ.

ಈಗ ತಕ್ಕಡಿಯ ಇನ್ನೊಂದು ತಟ್ಟೆಯನ್ನು ನೋಡೋಣ. ಆಳು ಒಡೆಯನನ್ನು ಕೊಂದರೆ ಅದು ಬರೀ ಕೊಲೆಯಲ್ಲ, 1351ರ ಶಾಸನದ ಪ್ರಕಾರ ‘ಕಿರು ರಾಜದ್ರೋಹ’. ಉಂಡ ಮನೆಯ ಜಂತೆ ಎಣಿಸುವುದನ್ನು ನಮ್ಮಲ್ಲಿ ಕೃತಘ್ನತೆ ಎನ್ನುತ್ತೇವೆ. ಅಲ್ಲಿ ಅದಕ್ಕೆ ರಾಜ್ಯದ ವಿರುದ್ಧ ದಂಗೆಯೆದ್ದಂಥ ಸ್ಥಾನ ಕೊಟ್ಟಿದ್ದರು. ಗಂಡಸಾದರೆ ಎಳೆದೊಯ್ದು ನೇಣು, ಹೆಂಗಸಾದರೆ ಕಂಬಕ್ಕೆ ಕಟ್ಟಿ ಸುಡುವುದು. ಸಾಮಾನ್ಯವಾಗಿ ಕೊರಳು ಬಿಗಿದು ಕೊಂದ ಮೇಲೆ ಬೆಂಕಿ ಇಡುತ್ತಿದ್ದರು. ಹೆಂಗಸರನ್ನು ಸುಡುವ ಶಿಕ್ಷೆ ಹೋದದ್ದು 1790ರಲ್ಲಿ, ಕಿರು ರಾಜದ್ರೋಹವೆಂಬ ಅಪರಾಧವೇ ರದ್ದಾದದ್ದು 1828ರಲ್ಲಿ. ಒಡೆಯ ಆಳನ್ನು ಕೊಂದರೆ ಅದಕ್ಕೆ ಇಂಥ ಪ್ರತ್ಯೇಕ ಹೆಸರು ಎಂದೂ ಇರಲಿಲ್ಲ. ಕಳವಿನ ವಿಷಯವೂ ಅಷ್ಟೇ. ವಾಸದ ಮನೆಯಿಂದ ನಲವತ್ತು ಷಿಲ್ಲಿಂಗ್ ಅಥವಾ ಅದಕ್ಕೆ ಮೇಲ್ಪಟ್ಟ ಮೌಲ್ಯದ ವಸ್ತು ಕದ್ದರೆ ಮರಣದಂಡನೆ ಎಂದು ವಿಧಿಸಿದ 1713ರ ಕಾಯ್ದೆ ತನ್ನ ಪೀಠಿಕೆಯಲ್ಲೇ ಕೆಟ್ಟ ಸೇವಕರತ್ತ ಬೆರಳು ತೋರಿಸುತ್ತದೆ. ನಲವತ್ತು ಷಿಲ್ಲಿಂಗ್ ಎಂದರೆ ಎರಡು ಪೌಂಡ್, ಮನೆಗೆಲಸದ ಹೆಂಗಸಿನ ಕೆಲವೇ ತಿಂಗಳ ಸಂಬಳ. ಜ್ಯೂರಿಯವರಿಗೇ ಇದು ಅತಿಯೆನಿಸಿ, ಕದ್ದ ಬೆಳ್ಳಿಯ ಬೆಲೆ ಮೂವತ್ತೊಂಬತ್ತು ಷಿಲ್ಲಿಂಗ್ ಎಂದು ಬೇಕೆಂದೇ ಇಳಿಸಿ ತೀರ್ಪು ಕೊಟ್ಟು ಕೊರಳು ಉಳಿಸಿದ ಪ್ರಸಂಗಗಳು ಓಲ್ಡ್ ಬೈಲಿಯ ಮುದ್ರಿತ ವರದಿಗಳಲ್ಲಿ ಬೇಕಾದಷ್ಟಿವೆ.

ಫೆಟರ್ ಲೇನಿನ ಪಕ್ಕದಲ್ಲೇ, ಅದಕ್ಕೆ ಸಮಾನಾಂತರವಾಗಿ ಚಾನ್ಸರಿ ಲೇನ್ ಇದೆ. ಅಲ್ಲಿನ ಟರ್ನರ್ ಎಂಬವರ ಮನೆಯಲ್ಲಿ ಅಡುಗೆಯವಳಾಗಿದ್ದ ಎಲೈಜಾ ಫೆನ್ನಿಂಗ್ 1815ರ ಮಾರ್ಚ್ 21ರಂದು ಮಾಡಿದ ಹಿಟ್ಟಿನ ಕಡುಬನ್ನು ತಿಂದು ಮನೆಯವರು ಹೊಟ್ಟೆನೋವಿನಿಂದ ನರಳಿದರು. ಅದನ್ನೇ ತಿಂದ ಎಲೈಜಾ ಕೂಡ ನರಳಿದಳು. ಯಾರೂ ಸಾಯಲಿಲ್ಲ. ಕಡುಬು ಕತ್ತರಿಸಿದ ಚಾಕು ಕಪ್ಪಾಗಿತ್ತು, ಅದು ಆರ್ಸೆನಿಕ್ಕಿನ ಗುರುತು ಎಂದು ವೈದ್ಯನೊಬ್ಬ ಸಾಕ್ಷಿ ನುಡಿದ. ಆರ್ಸೆನಿಕ್ ಹಾಗೆ ಚಾಕುವನ್ನು ಕಪ್ಪು ಮಾಡುವುದಿಲ್ಲ. ವಿಷವಿಕ್ಕುವ ಪ್ರಯತ್ನವನ್ನೂ ಮರಣದಂಡನೆಗೆ ಸೇರಿಸಿದ್ದ 1803ರ ಕಾಯ್ದೆಯಡಿ ಅವಳಿಗೆ ಶಿಕ್ಷೆಯಾಗಿ ಜುಲೈ 26ರಂದು ನೇಣಿಗೆ ಹಾಕಿದರು. ಒಂದು ಬೀದಿಯಲ್ಲಿ ಆಳು ಸಾಯುವ ತನಕ ಕಾನೂನು ಬಾಗಿಲು ತಟ್ಟಲಿಲ್ಲ, ಪಕ್ಕದ ಬೀದಿಯಲ್ಲಿ ಒಡೆಯರು ಬದುಕಿದ್ದರೂ ಆಳಿನ ಕೊರಳಿಗೆ ಹಗ್ಗ ಬಿತ್ತು. ನಡುವೆ ಅರ್ಧ ಶತಮಾನದ ಅಂತರವಿದೆ ನಿಜ, ಆದರೂ ಈ ಎರಡನ್ನೂ ಜೋಡಿಸಿ ಓದದೆ ಆ ಕಾಲದ ನ್ಯಾಯವನ್ನು ಅಳೆಯಲಾಗದು.

ಇದು ಇಂಗ್ಲೆಂಡಿನ ಒಂದು ವಿಚಿತ್ರವೆಂದೂ ತಿಳಿಯಬೇಡಿ. ರಷ್ಯದ ಭೂಮಾಲಕಿ ದಾರ್ಯಾ ಸಾಲ್ಟಿಕೋವಾಳ ಮೇಲೆ ಆಕೆಯ ಜೀತದಾಳುಗಳು ಹಲವು ಬಾರಿ ಕೊಟ್ಟ ದೂರುಗಳೆಲ್ಲ ನೆಲಕಚ್ಚಿ, ದೂರಿದವರೇ ಆಕೆಯ ಕೈಗೆ ಮರಳಿ ಸಿಕ್ಕಿಬಿದ್ದಿದ್ದರು. 1762ರಲ್ಲಿ ಇಬ್ಬರು ಆಳುಗಳು ನೇರವಾಗಿ ಸಾಮ್ರಾಜ್ಞಿ ಕ್ಯಾಥರೀನಳಿಗೆ ಅರ್ಜಿ ತಲುಪಿಸಿದ ಮೇಲೆ ಆರು ವರ್ಷ ತನಿಖೆ ನಡೆದು, 38 ಸಾವುಗಳು ಸಾಬೀತಾಗಿ, 1768ರಲ್ಲಿ ಆಕೆಗೆ ಜೀವಾವಧಿ ಸೆರೆಯಾಯಿತು. ಆ ತನಿಖೆ ಇನ್ನೂ ಮುಗಿಯದಿದ್ದಾಗಲೇ, ಅಂದರೆ ಬ್ರೌನ್‌ರಿಗ್‌ಗೆ ನೇಣಾದ ಅದೇ 1767ರಲ್ಲಿ, ಜೀತದಾಳುಗಳು ತಮ್ಮ ಒಡೆಯರ ವಿರುದ್ಧ ಸಾಮ್ರಾಜ್ಞಿಗೆ ನೇರವಾಗಿ ಅರ್ಜಿ ಕೊಡಕೂಡದೆಂದು ಕ್ಯಾಥರೀನಳೇ ಆಜ್ಞೆ ಹೊರಡಿಸಿದಳು.

ಇಂಗ್ಲೆಂಡಿನಲ್ಲಿ ಸಾವಿಗೆ ಮೊದಲೇ ಕಾನೂನು ಕೈಹಾಕುವಂತಾದದ್ದು 1851ರಲ್ಲಿ. ಅದಕ್ಕೂ ಒಂದು ಹಗರಣವೇ ಬೇಕಾಯಿತು. ಲಂಡನ್ನಿನ ಟೆಂಪಲ್‌ನಲ್ಲಿ, ಅಂದರೆ ವಕೀಲರ ಕೇರಿಯಲ್ಲೇ, ಜಾರ್ಜ್ ಸ್ಲೋನ್ ಎಂಬ ವಕೀಲನೂ ಅವನ ಹೆಂಡತಿಯೂ ವರ್ಕ್‌ಹೌಸಿನಿಂದ ತಂದ ಜೇನ್ ವಿಲ್ಬ್ರೆಡ್ ಎಂಬ ಹುಡುಗಿಯನ್ನು ಹೊಡೆದು, ಎಲುಬು ಹಂದರವಾಗುವಂತೆ ಉಪವಾಸ ಕೆಡವಿದ್ದರು. ವಿಚಾರಣೆಯಲ್ಲಿ ಒಂದು ತೊಡಕು ಬಂತು. ಅನ್ನ ಕೊಡದಿರುವುದು ಅಪರಾಧವಾಗಬೇಕಾದರೆ ಆಳು ಎಳೆಯ ಮಗುವಾಗಿರಬೇಕು, ಬೆಳೆದವಳಾದರೆ ಬಿಟ್ಟು ಹೋಗಬಹುದಿತ್ತಲ್ಲ ಎಂಬುದು ಅಂದಿನ ತರ್ಕ. ಕೊನೆಗೆ ಹಲ್ಲೆಯ ಆರೋಪದ ಮೇಲೆ ಮಾತ್ರ ಗಂಡ ಹೆಂಡಿರಿಗೆ ಎರಡೆರಡು ವರ್ಷ ಸೆರೆಯಾಯಿತು. ಜನರ ಸಿಟ್ಟಿಗೆ ಓಗೊಟ್ಟು ಅದೇ ವರ್ಷ ಸಂಸತ್ತು ಅಪ್ರೆಂಟಿಸರ ಮತ್ತು ಸೇವಕರ ಕಾಯ್ದೆಯನ್ನು ಮಾಡಿತು. ಊಟ, ಬಟ್ಟೆ, ವಸತಿ ಕೊಡುವ ಹೊಣೆಯುಳ್ಳ ಯಜಮಾನ ಅದನ್ನು ಬೇಕೆಂದೇ ಕೊಡದಿದ್ದರೆ ಆಗ ಅಪರಾಧವಾಯಿತು. ವರ್ಕ್‌ಹೌಸಿನಿಂದ ಮನೆಗಳಿಗೆ ಹೋದ, ಹದಿನಾರು ತುಂಬದ ಮಕ್ಕಳ ಹೆಸರನ್ನು ಪುಸ್ತಕದಲ್ಲಿ ಬರೆದಿಟ್ಟು, ಅಧಿಕಾರಿಯೊಬ್ಬ ವರ್ಷಕ್ಕೆ ಎರಡು ಸಲವಾದರೂ ಹೋಗಿ ನೋಡಿ ಬರಬೇಕೆಂಬ ನಿಯಮವೂ ಬಂತು. ಕಾಯ್ದೆಯ ಈ ಎರಡನೆಯ ಭಾಗವೇ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಬ್ರೌನ್‌ರಿಗ್ ಮನೆಗೆ ಅಂಥ ಒಬ್ಬ ಮನುಷ್ಯ ಒಮ್ಮೆ ಬಂದು, ಹುಡುಗಿಯನ್ನು ಬೆಳಕಿಗೆ ಕರೆದು ನಿಲ್ಲಿಸಿದ್ದರೆ ಹಂದಿಯ ಪುಣ್ಯಕ್ಕೆ ಕಾಯಬೇಕಾಗಿರಲಿಲ್ಲ.

ಕೊನೆಯದಾಗಿ ನಮ್ಮ ದಂಡಸಂಹಿತೆಯ ಮಾತು. 1860ರಲ್ಲಿ ಅಂಗೀಕಾರವಾಗಿ 1862ರ ಜನವರಿ 1ರಂದು ಜಾರಿಗೆ ಬಂದ ಭಾರತೀಯ ದಂಡಸಂಹಿತೆಯಲ್ಲಿ ಕಿರು ರಾಜದ್ರೋಹದ ಸುಳಿವಿಲ್ಲ, ಆಳನ್ನು ಹೊಡೆದು ತಿದ್ದುವ ಹಕ್ಕನ್ನು ಯಜಮಾನನಿಗೆ ಹೆಸರಿಸಿ ಕೊಟ್ಟದ್ದೂ ಇಲ್ಲ. ಆ ಮಟ್ಟಿಗೆ ಅದು ಹುಟ್ಟುವಾಗಲೇ ತನ್ನ ತಾಯಿನೆಲದ ಹಳೆಯ ಕಾನೂನಿಗಿಂತ ಮುಂದಿತ್ತು. ಆದರೆ ಆಳಿನ ಬಗೆಗಿನ ಒಡೆಯನ ಭಯ ಮಾತ್ರ ಹಾಗೆಯೇ ದಾಟಿ ಬಂತು. ಸಾಮಾನ್ಯ ಕಳವಿಗೆ 379ನೆಯ ಕಲಂ ಮೂರು ವರ್ಷದವರೆಗೆ ಶಿಕ್ಷೆ ಹೇಳಿದರೆ, ಗುಮಾಸ್ತ ಅಥವಾ ಸೇವಕ ಮಾಡಿದ ಕಳವಿಗೆ 381ನೆಯ ಕಲಂ ಏಳು ವರ್ಷದವರೆಗೆ ಹೇಳಿತು. ಒಡೆಯ ಆಳಿಗೆ ಹೊಡೆದು ನೋವುಂಟುಮಾಡಿದರೆ ಮಾತ್ರ ಬೀದಿಯಲ್ಲಿ ಯಾರೋ ಯಾರಿಗೋ ಹೊಡೆದಾಗ ಅನ್ವಯಿಸುವ 323ನೆಯ ಕಲಮೇ, ಗರಿಷ್ಠ ಒಂದು ವರ್ಷ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸೇವಕನ ಕಳವು 306ನೆಯ ಕಲಂ ಆಗಿದೆ, ಶಿಕ್ಷೆ ಅದೇ ಏಳು ವರ್ಷ. ನೋವುಂಟುಮಾಡುವುದು 115ನೆಯ ಕಲಂ, ಶಿಕ್ಷೆ ಅದೇ ಒಂದು ವರ್ಷ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದು ನಮ್ಮ ದೇಶದಲ್ಲಿ ನಿಷಿದ್ಧವಾದದ್ದು 2006ರ ಅಕ್ಟೋಬರ್ 10ರಿಂದ. ಅದು ಬಂದದ್ದು ದಂಡಸಂಹಿತೆಯ ಮೂಲಕವಲ್ಲ, 1986ರ ಬಾಲಕಾರ್ಮಿಕ ಕಾಯ್ದೆಯಡಿ ಹೊರಡಿಸಿದ ಒಂದು ಅಧಿಸೂಚನೆಯ ಮೂಲಕ.